ಅಲ್ಯೂಮಿನಿಯಂಗೆ ಮರದ ಗರಗಸ ಸಲ್ಲದೇ?

ಮರ ಕೊಯ್ಯುವ ಗರಗಸಕ್ಕೆ ಲೋಹ ತಾಗಿಸಬಾರದೆಂಬುದು ಬಡಗಿಗಳಲ್ಲಿ ಬಹುಕಾಲದಿಂದ ಬಂದ ಮಾತು. ಕಬ್ಬಿಣದ ಮಟ್ಟಿಗೆ ಅದು ದಿಟ. ಅಲ್ಯೂಮಿನಿಯಂಗೂ ಅದನ್ನೇ ಅನ್ವಯಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಕಳೆದ ವರ್ಷ ನೀರೆತ್ತುವ ಮೋಟಾರಿನ ಪೀಠಕ್ಕೆಂದು 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಫಲಕವೊಂದನ್ನು ತಂದಿದ್ದೆ. ಮನೆಗೆಲಸಕ್ಕೆ ಬಂದಿದ್ದ ಬಡಗಿ, "ಬ್ಲೇಡು ಹಾಳಾಗುತ್ತೆ ಮೇಷ್ಟ್ರೇ" ಎನ್ನುತ್ತ ಕಬ್ಬಿಣ ಕತ್ತರಿಸುವ ಗ್ರೈಂಡರನ್ನು ಕೈಗೆತ್ತಿಕೊಂಡರು. ನಾನು ತಡೆದೆ. ಮೆದುವಾದ ಈ ಲೋಹವು ಕಬ್ಬಿಣಕ್ಕೆಂದು ಮಾಡಿದ ಬಿಲ್ಲೆಯ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಬಿಲ್ಲೆ ಕೊಯ್ಯುವುದನ್ನು ಬಿಟ್ಟು ಬರಿದೇ ಉಜ್ಜುತ್ತದೆ, ಕಾದು ಸಿಡಿಯಲೂಬಹುದು. ಬ್ಲೇಡನ್ನು ಉಳಿಸಹೋಗಿ ಕಣ್ಣನ್ನು ಪಣಕ್ಕಿಟ್ಟಂತಾಗುತ್ತದೆ.

ಇಂದಿನ ವಿದ್ಯುತ್ ಗರಗಸಗಳ ಹಲ್ಲಿನ ತುದಿ ಸಾಮಾನ್ಯವಾಗಿ ಟಂಗ್‌ಸ್ಟನ್ ಕಾರ್ಬೈಡಿನದು. ಅದರ ಮುಂದೆ ಅಲ್ಯೂಮಿನಿಯಂ ಬೆಣ್ಣೆಯೇ ಸರಿ. ತೊಡಕಿರುವುದು ಗಡಸುತನದಲ್ಲಲ್ಲ, ಅಂಟುವ ಗುಣದಲ್ಲಿ. ಇದು ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ, ಅದಕ್ಕೆ ಬಹಳ ಮೊದಲೇ ಬಿಸಿಗೆ ಮೆತ್ತಗಾಗಿ ಹಲ್ಲುಗಳ ನಡುವೆ ಮೆತ್ತಿಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸಿ, ವೈರು ಕಿತ್ತು, ಬ್ಲೇಡಿಗೆ ಮೇಣದಬತ್ತಿ ಸವರಿದರೆ ಎಷ್ಟೋ ವಾಸಿ. ಸೀಮೆಎಣ್ಣೆ ಹಚ್ಚುವ ಹಳೆಯ ರೂಢಿ ಕೈಗರಗಸಕ್ಕೆ ಸರಿ; ಮೋಟಾರಿನಲ್ಲಿ ಕಿಡಿಯೇಳುವ ಯಂತ್ರದ ಬಳಿ ಖಂಡಿತ ಬೇಡ.

ಹಲ್ಲುಗಳ ವಿಚಾರವೂ ಇದೆ. 24 ಹಲ್ಲಿನ ಒರಟು ಬ್ಲೇಡಿಗಿಂತ 60 ಹಲ್ಲಿನದು ಲೇಸು. ಮರದ ಬ್ಲೇಡಿನ ಹಲ್ಲು ಸಾಮಾನ್ಯವಾಗಿ ಮುಂದಕ್ಕೆ ಬಾಗಿದ್ದು ಫಲಕವನ್ನು ಕಚ್ಚಿ ಎಳೆಯುತ್ತದೆ. ಅಲ್ಯೂಮಿನಿಯಂಗೆಂದೇ ಮಾಡಿದ ಬ್ಲೇಡುಗಳಲ್ಲಿ ಹಲ್ಲನ್ನು ಹಿಂದಕ್ಕೆ ವಾಲಿಸುವುದು ಈ ಕಾರಣಕ್ಕೇ. ಆದ್ದರಿಂದ ಫಲಕವನ್ನು ಅಲುಗದಂತೆ ಬಿಗಿಯಲೇಬೇಕು, ಗರಗಸವನ್ನು ನಿಧಾನವಾಗಿ ನಡೆಸಬೇಕು.

ನಮ್ಮ ಬಡಗಿ ಅದನ್ನು ಕಾಲಿನಿಂದ ಮೆಟ್ಟಿ ಹಿಡಿಯಲು ಹೊರಟಿದ್ದರು! ಬ್ಲೇಡಿನ ಗಾರ್ಡನ್ನೂ ಎಂದೋ ಕಳಚಿಟ್ಟಿದ್ದರು. ಅವರನ್ನಷ್ಟೇ ದೂರಲಾರೆ. ನನ್ನ ಆಕ್ಷೇಪ ಕೆಲಸ ಮಾಡಿಸುವ ನಮ್ಮಂಥವರ ಮೇಲೆಯೇ. "ಇನ್ನೂ ಆಗಲಿಲ್ಲವೇ?" ಎಂದು ಗಳಿಗೆಗೊಮ್ಮೆ ಕೇಳುವವರು ನಾವು; ಫಲಕ ಬಿಗಿಯುವ ಹೊತ್ತನ್ನು ಸೋಮಾರಿತನವೆಂದು ಎಣಿಸುವವರೂ ನಾವೇ. ಕನ್ನಡಕದ ಬೆಲೆಯನ್ನು ಕೂಲಿಯ ಜೊತೆಗೆ ಸೇರಿಸಿ ಕೊಡುವವರು ನಮ್ಮಲ್ಲಿ ಎಷ್ಟು ಮಂದಿ?

ಅಂದು ಗಾರ್ಡನ್ನು ಹುಡುಕಿ ಹಾಕಿಸಿದೆ. ಪಕ್ಕದ ಮನೆಯಿಂದ ಎರಡು ಕ್ಲಾಂಪುಗಳನ್ನು ತಂದೆವು. ಕಣ್ಣಿಗೆ ಕಾಪು ಕನ್ನಡಕ ಕೊಳ್ಳಲು ನಾನೇ ಪೇಟೆಗೆ ಹೋಗಿಬಂದೆ. ಕೊಯ್ಯಲು ಹಿಡಿದದ್ದು ಐದೇ ನಿಮಿಷ, ಸಿದ್ಧತೆಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯ ಕೂಲಿಯನ್ನೂ ಲೆಕ್ಕ ಹಾಕಿ ಕೊಟ್ಟಾಗ ಬಡಗಿ ಬೇಡವೆಂದರು; ನಾನು ಒತ್ತಾಯದಿಂದ ಅವರ ಜೇಬಿಗೆ ಹಾಕಿದೆ.