ಮೂರು ತಿಂಗಳ ಆಸರೆ ಅಧರ್ಮವೇ?

ನಮ್ಮ ಸಂಘದ ಕಳೆದ ಸಭೆ ಮುಗಿದು ಚಹಾಪಾನ ನಡೆಯುತ್ತಿದ್ದಾಗ ಹಿರಿಯರೊಬ್ಬರು ನನ್ನನ್ನು ಹತ್ತಿರ ಕರೆದರು. "ಏನು ಮಾಷ್ಟ್ರೇ, ಬೀದಿಯ ನಾಯಿಮರಿಯನ್ನು ಮೂರು ತಿಂಗಳು ಸಾಕಿ ಪರರಿಗೆ ಕೊಟ್ಟುಬಿಟ್ಟಿರಂತೆ! ಧರ್ಮರಾಯನು ಸ್ವರ್ಗದ ಬಾಗಿಲಲ್ಲಿಯೂ ನಾಯಿಯನ್ನು ಕೈಬಿಡಲಿಲ್ಲ. ಸಾಕುವುದಾದರೆ ಕೊನೆಯ ತನಕ ಸಾಕಬೇಕು, ಆಗದಿದ್ದರೆ ಮುಟ್ಟಲೇಬಾರದು" ಎಂದರು. ಸುತ್ತಲಿದ್ದ ಉಪಾಧ್ಯಾಯ ಬಂಧುಗಳು ತಲೆದೂಗಿದರು. ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದು ತಪ್ಪೆಂದು ಮನೆಗೆ ಬರುವ ದಾರಿಯಲ್ಲಿಯೇ ತೋರಿತು. ಆದುದರಿಂದ ಈ ಬರಹ.

ಹಿರಿಯರ ಮಾತು ಕೇಳುವುದಕ್ಕೆ ಧರ್ಮದಂತೆಯೇ ಇದೆ. ಆದರೆ ಅದು ಕಾರ್ಯರೂಪದಲ್ಲಿ ಯಾರಿಗೆ ನೆರವಾಗುತ್ತದೆ? ಒಂದು ಪ್ರಾಣಿಯನ್ನು ಹತ್ತು ಹನ್ನೆರಡು ವರ್ಷ ಸಾಕಲು ಸ್ಥಳವೂ ಅನುಕೂಲವೂ ಇರುವವರು ಊರಲ್ಲಿ ಕೆಲವರೇ. ಉಳಿದವರೆಲ್ಲ ಈ ಸೂತ್ರವನ್ನು ಹಿಡಿದು ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಳ್ಳಬಹುದು. ಪೂರ್ಣ ಧರ್ಮ ಮಾಡಲಾಗದು, ಆದುದರಿಂದ ಏನನ್ನೂ ಮಾಡುವುದಿಲ್ಲ ಎಂಬ ಈ ನ್ಯಾಯಕ್ಕಿಂತ ಸುಲಭವಾದ ಹಾಸಿಗೆ ಯಾವುದಿದೆ?

ನಡೆದುದನ್ನು ಹೇಳುತ್ತೇನೆ. 2025ರ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ, ಜಡಿಮಳೆ. ಗೇಟಿನ ಬಳಿ ಬಾಯಿ ಕಟ್ಟಿದ ಗೋಣಿಚೀಲವೊಂದಿತ್ತು. ಅದರೊಳಗೆ ಮೂರು ಮರಿಗಳು, ಮೂರೂ ಹೆಣ್ಣು. ಗಂಡುಮರಿಯನ್ನು ಇರಿಸಿಕೊಂಡು ಹೆಣ್ಣುಗಳನ್ನು ಶಾಲೆಯ ಬಳಿಯೋ ಪೇಟೆಯ ಮೀನಿನ ಕಟ್ಟೆಯ ಬಳಿಯೋ ಬಿಟ್ಟುಬರುವುದು ನಮ್ಮ ಕಾಸರಗೋಡು ಸೀಮೆಯವರಿಗೆ ಹೊಸತಲ್ಲ. ಎರಡು ಮರಿಗಳು ಮಧ್ಯಾಹ್ನದೊಳಗೆ ತಣ್ಣಗಾದವು. ಮೂರನೆಯದನ್ನು ಮಕ್ಕಳು ಬಿಸ್ಕತ್ತು ಹಿಡಿದು ಸುತ್ತುವರಿದರು. ದೊಡ್ಡವರು ಬಂದು "ಅಯ್ಯೋ ಪಾಪ" ಎಂದರು, ಹೋದರು. ನಾಲ್ಕು ಗಂಟೆಗೆ ಗಂಟೆ ಬಾರಿಸಿದ ಮೇಲೆ ಉಳಿದವರು ನಾನು ಮತ್ತು ಅದು.

ನನ್ನದು ಬಾಡಿಗೆಯ ಮನೆ. ವೃದ್ಧೆಯಾದ ತಾಯಿ, ಸಣ್ಣ ಮಗು. ಕೊನೆಯ ತನಕ ಸಾಕಲಾರೆನೆಂದು ಮೊದಲ ದಿನವೇ ಬಲ್ಲೆ. ಮನೆಯೊಡೆಯರಿಂದ ಮೂರು ತಿಂಗಳ ಅಪ್ಪಣೆ ಪಡೆದು ಬಚ್ಚಲುಕೊಟ್ಟಿಗೆಯ ಮೂಲೆಯಲ್ಲಿ ಅದಕ್ಕೆ ಜಾಗ ಮಾಡಿದೆ. ಹಸುವಿನ ಹಾಲು ಕೊಟ್ಟು ಭೇದಿ ತರಿಸಿದುದು ನನ್ನ ಮೊದಲ ವಿದ್ಯಾಭ್ಯಾಸ. ಬಳಿಕ ಮೆತ್ತಗೆ ಬೆಂದ ಅನ್ನ, ಬೇಯಿಸಿದ ಮೊಟ್ಟೆ, ದಿನಕ್ಕೆ ನಾಲ್ಕು ಸಲ. ಹದಿನೈದು ದಿನಕ್ಕೊಮ್ಮೆ ಹುಳದ ಮದ್ದು. ಹಲ್ಲು ತಾಗಿ ನನ್ನ ಬೆರಳಲ್ಲಿ ನೆತ್ತರು ಕಂಡ ದಿನ, ಮರಿಯಲ್ಲವೇ ಎಂದು ಉದಾಸೀನ ಮಾಡದೆ, ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ ಪೂರ್ಣ ಚುಚ್ಚುಮದ್ದು ಪಡೆದೆ. ವಿದ್ಯಾರ್ಥಿಗಳೇ, ಇದನ್ನು ನೀವು ಗಮನವಿಟ್ಟು ಓದಬೇಕು. ಹುಚ್ಚುನಾಯಿ ರೋಗವು ಮರಿಗಳಿಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನು ಬದುಕುವುದಿಲ್ಲವೆಂದೇ ತಿಳಿಯಬೇಕು. ನಾಯಿ ಕಚ್ಚಿದರೆ, ಪರಚಿದರೆ, ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡಬಾರದು. ನನ್ನ ಮರಿಗೆ ಮೂರು ತಿಂಗಳು ತುಂಬಿ ರೇಬಿಸ್ ಲಸಿಕೆಯಾಗುವ ತನಕ ಯಾವ ವಿದ್ಯಾರ್ಥಿಗೂ ಅದನ್ನು ಮುಟ್ಟಗೊಡಲಿಲ್ಲ. ಶಾಲೆಯ ಸುತ್ತ ನಾಯಿಗಳು ಹೆಚ್ಚಿದುವೆಂದು ಭಯಪಡುವ ತಾಯಿತಂದೆಗಳನ್ನು ಹಾಸ್ಯ ಮಾಡುವವನು ನಾನಲ್ಲ. ಅವರ ಭಯ ನ್ಯಾಯವಾದುದು.

ಆ ಭಯಕ್ಕೆ ಪರಿಹಾರ ಏನೆಂಬುದೇ ಪ್ರಶ್ನೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದೆಡೆಯ ಬೀದಿನಾಯಿಗಳನ್ನು ಹಿಡಿದು, ಸಂತಾನಶಕ್ತಿ ಹರಣ ಮಾಡಿ, ಲಸಿಕೆ ಹಾಕಿ, ಆಶ್ರಯಸ್ಥಾನಗಳಿಗೆ ಒಯ್ಯಬೇಕು, ಮರಳಿ ಅಲ್ಲಿಯೇ ಬಿಡಬಾರದು ಎಂದು ಆದೇಶಿಸಿತು. ಒಳ್ಳೆಯದು. ಆದರೆ ಗೋಣಿಚೀಲ ಬಂದು ಬೀಳುವುದು ನಿಲ್ಲದೆ ಎಷ್ಟು ಆಶ್ರಯಸ್ಥಾನ ಕಟ್ಟಿ ತುಂಬಿಸೋಣ? ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದು ಹೋಗುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ. ಮೊದಲ ಸಲಕ್ಕೆ ಆ ಕಾಯಿದೆ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ! ಗೋಣಿಚೀಲದ ಬೆಲೆಯೂ ಅದರೊಳಗೆ ಹುಟ್ಟೀತೋ ಇಲ್ಲವೋ. ಅದೂ ಯಾರು ಬಿಟ್ಟರೆಂದು ಹೇಳುವ ಸಾಕ್ಷಿ ಸಿಕ್ಕಿದರೆ ತಾನೆ? ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳರು. ಮರಿಯನ್ನು ಮರಿಯಾಗಿರುವಾಗಲೇ ಎತ್ತಿ, ಲಸಿಕೆ ಕೊಡಿಸಿ, ಯೋಗ್ಯರ ಮನೆ ಸೇರಿಸಿದರೆ, ಮುಂದೆ ಶಾಲೆಯಂಗಳದಲ್ಲಿ ಹೆರುವ ಒಂದು ನಾಯಿ ಕಡಮೆಯಾಯಿತು. ಇದು ಅರ್ಧ ಧರ್ಮವಾದರೆ ಅರ್ಧವೇ ಇರಲಿ.

ಕೈಬಿಡುವುದಕ್ಕೂ ಒಪ್ಪಿಸುವುದಕ್ಕೂ ಇರುವ ಅಂತರವನ್ನು ಉಪಾಧ್ಯಾಯರಿಗೆ ನಾನು ವಿವರಿಸಬೇಕೆ? ಅಕ್ಷರ ಬಾರದೆ ಬಂದ ಮಗುವನ್ನು ನಾಲ್ಕು ವರ್ಷ ತಿದ್ದಿ ತೀಡಿ, ಐದನೆಯ ತರಗತಿಗೆ ಮತ್ತೊಂದು ಶಾಲೆಗೆ ಕಳುಹಿಸುತ್ತೇವೆ. ಆ ದಿನ ಗಂಟಲು ಕಟ್ಟುತ್ತದೆ. ಆದರೂ ಮಗುವನ್ನು ಅರ್ಧದಲ್ಲಿ ಬಿಟ್ಟೆವೆಂದು ನಮ್ಮನ್ನು ಯಾರೂ ಬಯ್ಯುವುದಿಲ್ಲ.

ಆದರೆ ಒಪ್ಪಿಸುವುದರಲ್ಲಿ ನಾನೂ ಎಡವಿದೆ. ಜುಲಾಯಿಯಲ್ಲಿ, ಲಸಿಕೆಗೂ ಮುಂಚೆ, ಪರಿಚಯದವರೊಬ್ಬರು ಕೇಳಿದರೆಂದು ಮನೆಯನ್ನೂ ನೋಡದೆ ಕೊಟ್ಟುಬಿಟ್ಟೆ. ಹೊರೆ ಇಳಿದರೆ ಸಾಕೆಂಬ ಅವಸರ. ಬೇರೆ ಕಾರಣ ಹೇಳಿದರೆ ಸುಳ್ಳಾದೀತು. ಮೆಣಸಿನ ಗಿಡ ಕಿತ್ತಿತೆಂದು ಒಂಬತ್ತನೆಯ ದಿನ ಹಿಂದೆ ತಂದರು. ಕೊರಳಲ್ಲಿ ಹಗ್ಗದ ಗಾಯವಿತ್ತು. ಹಿರಿಯರು ನನ್ನನ್ನು ಬಯ್ಯುವುದಾದರೆ ಇದಕ್ಕಾಗಿ ಬಯ್ಯಲಿ, ತಲೆಬಾಗುತ್ತೇನೆ. ಮುಂದೆ ಕೇಳಿಬಂದವರ ಮನೆಗೆ ನಾನೇ ಹೋದೆ. ಒಬ್ಬರಿಗೆ ತೋಟದ ಶೆಡ್ಡಿನಲ್ಲಿ ಹಗಲಿರುಳು ಕಟ್ಟಿಹಾಕುವುದಕ್ಕೆ ನಾಯಿ ಬೇಕಾಗಿತ್ತು; ಇನ್ನೊಬ್ಬರು ಹೆಣ್ಣೆಂದು ಕೇಳಿ ಮುಖ ತಿರುಗಿಸಿದರು. ಸೆಪ್ಟೆಂಬರಿನಲ್ಲಿ, ಓಣಂ ರಜೆ ಕಳೆದ ಮೇಲೆ, ಬೀಡಿ ಕಟ್ಟಿ ಜೀವಿಸುವ ತಾಯಿ ಮಗಳು ಒಪ್ಪಿದರು. ಲಸಿಕೆಯ ಚೀಟಿ ಕೊಟ್ಟೆ, ಪಂಚಾಯತಿನ ಪರವಾನಗಿಗೆ ಜತೆಯಲ್ಲಿ ಹೋದೆ, ಆರು ತಿಂಗಳು ತುಂಬಿದ ಮೇಲೆ ನವೆಂಬರಿನಲ್ಲಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಹಂಚಿಕೊಂಡೆವು. ಕೊಟ್ಟ ಮೊದಲ ದಿನ ಅದು ಅನ್ನ ಮುಟ್ಟಲಿಲ್ಲವಂತೆ. ನನ್ನ ಮನೆಯಲ್ಲಿಯೂ ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಅದು ಉಂಡಿತು.

ಧರ್ಮರಾಯನ ಮಾತೆತ್ತಿದುದರಿಂದ ಹೇಳುತ್ತೇನೆ: ಅವನ ಹಿಂದೆ ಬಂದ ನಾಯಿ ಸಾಕ್ಷಾತ್ ಯಮಧರ್ಮ, ನನ್ನ ಮರಿಯ ಹೊಟ್ಟೆಯಲ್ಲಿದ್ದುದು ಜಂತುಹುಳ. ಅದೇ ಭಾರತದ ಆದಿಪರ್ವದಲ್ಲಿ ಇನ್ನೊಂದು ನಾಯಿ ಇದೆ. ಜನಮೇಜಯನ ಯಾಗಶಾಲೆಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ತಾಯಿ ಸರಮೆ ಬಂದು, ಹವಿಸ್ಸನ್ನು ನೋಡದ, ನೆಕ್ಕದ ನನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರು ಏನನ್ನೂ ಹೇಳಲಿಲ್ಲ. ಸ್ವರ್ಗದ ಬಾಗಿಲಿನ ನಾಯಿಯನ್ನು ನೆನೆಯುವವರು ಯಾಗಶಾಲೆಯ ಬಾಗಿಲಿನ ಈ ಮರಿಯನ್ನು ಮರೆಯುವುದೇಕೆ?

ಈ ಸೋಮವಾರ ಗೇಟಿನ ಬಳಿ ಮತ್ತೆ ಎರಡು ಮರಿಗಳು ಸಿಕ್ಕಿವೆ, ಎರಡೂ ಹೆಣ್ಣು. ಒಂದು ನನ್ನ ಬಚ್ಚಲುಕೊಟ್ಟಿಗೆಯಲ್ಲಿದೆ. ಇನ್ನೊಂದನ್ನು ಸಹೋದ್ಯೋಗಿಯೊಬ್ಬರು ಶನಿವಾರದವರೆಗೆ ಎಂದು ಇಟ್ಟುಕೊಂಡಿದ್ದಾರೆ. ಹಿರಿಯರ ಮನೆಯ ಹಟ್ಟಿ ದನಗಳನ್ನು ಮಾರಿದಂದಿನಿಂದ ಬರಿದಾಗಿದೆ. ಸುತ್ತ ಗೋಡೆಯಿದೆ, ಬಾವಿ ಸಮೀಪವಿದೆ. ಕೊನೆಯ ತನಕ ಬೇಡ, ಮೂರು ತಿಂಗಳಿಗೆ ಕೇಳುತ್ತಿದ್ದೇನೆ. ಹುಳದ ಮದ್ದು ನಾನೇ ತರುತ್ತೇನೆ.