ಕಹಳೆಯೊಳಗಿನ ಟೊಳ್ಳು

ಹಳೆಯ ಕಾಲದ ಕಹಳೆ ಧ್ವನಿವರ್ಧಕಗಳನ್ನು, ಪ್ಲೈವುಡ್ ಕೊಯ್ದು ಅಂಟಿಸಿ, ಮನೆಯಲ್ಲಿಯೇ ಮತ್ತೆ ಕಟ್ಟಿಕೊಳ್ಳುವ ಹವ್ಯಾಸವು ಅಮೆರಿಕ, ಯೂರೋಪು ಮತ್ತು ಜಪಾನಿನಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಇದನ್ನು ಹುಚ್ಚು ಎನ್ನುವವರುಂಟು, ನಾನು ಹಾಗೆನ್ನಲಾರೆ. ಭೌತಶಾಸ್ತ್ರ, ಗಣಿತ, ಬಡಗಿತನ ಮೂರೂ ಒಂದೇ ಮೇಜಿನ ಮೇಲೆ ಕೂಡುವ ಕೆಲಸಗಳು ಅಪರೂಪ. ಆದರೆ ನಕಲು ಮಾಡುವವನು ಯಾವುದನ್ನು ನಕಲು ಮಾಡಬೇಕು ಎಂಬ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಅದನ್ನು ಈಗ ಬರೆಯಲು ಕಾರಣ, ಅಮೆರಿಕದಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬನ ಪತ್ರ. ಆತ ಕ್ಲಿಪ್ಶ್‌ಹಾರ್ನ್ ಎಂಬ ಹೆಸರಾಂತ ಮಾದರಿಯನ್ನು ತನ್ನ ಗ್ಯಾರೇಜಿನಲ್ಲಿ ಕಟ್ಟಲು ಹೊರಟಿದ್ದಾನೆ. ಪೂರ್ಣ ಗಾತ್ರದ್ದು ಕೋಣೆಯನ್ನೇ ನುಂಗಿಬಿಡುತ್ತದೆ. ಆದ್ದರಿಂದ ಎಲ್ಲ ಅಳತೆಗಳನ್ನೂ ಮುಕ್ಕಾಲಿಗೆ ಇಳಿಸಿ, ಹೊರಗೆ ಮಾತ್ರ ಮೂಲದಲ್ಲಿದ್ದಂತೆಯೇ ಮರದ ಹೊದಿಕೆ, ಬಟ್ಟೆ, ಕಂಪನಿಯ ನಾಮಫಲಕ ಎಲ್ಲವನ್ನೂ ಹಾಕಿದರೆ ಹೇಗೆ ಸರ್, ಎಂದು ಕೇಳಿದ್ದಾನೆ.

ಬದಲಿಸಬಾರದ್ದನ್ನು ಬದಲಿಸಲು, ಬದಲಿಸಬಹುದಾದುದನ್ನು ಬಿಗಿಯಾಗಿ ಹಿಡಿದುಕೊಳ್ಳಲು ಆತ ಹೊರಟಿದ್ದಾನೆ ಎಂಬುದು ನನ್ನ ಉತ್ತರ. ಅವನೊಬ್ಬನಿಗೇ ಬರೆದು ಮುಗಿಸಬಹುದಾಗಿತ್ತು. ಆದರೆ ಇಂತಹ ಯೋಚನೆ ಅವನೊಬ್ಬನದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು, ಕಹಳೆ ಏತಕ್ಕೆ ಬೇಕಾಯಿತು ಎಂಬುದನ್ನು ನೋಡೋಣ. ಕಾಗದದ ಶಂಕುವನ್ನು ನೇರವಾಗಿ ಗಾಳಿಗೆ ಒಡ್ಡುವ ಇಂದಿನ ಸಾಮಾನ್ಯ ಸ್ಪೀಕರು (1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಪ್ರಕಟಿಸಿದ ವಿನ್ಯಾಸದ ಸಂತಾನ) ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ 1ರ ಆಸುಪಾಸಿನಷ್ಟನ್ನು ಮಾತ್ರ ಶಬ್ದವಾಗಿಸುತ್ತದೆ. ಉಳಿದದ್ದೆಲ್ಲ ಶಾಖ. 1930ರ ದಶಕದ ಹೆಸರಾಂತ 300ಬಿ ವಾಲ್ವು ಒಂಟಿಯಾಗಿ ಕೊಡುತ್ತಿದ್ದುದು ಸುಮಾರು 8 ವಾಟ್. ಸಾವಿರ ಜನ ಕೂರುವ ಚಿತ್ರಮಂದಿರವನ್ನು ಇಂತಹ ಬಡ ಶಕ್ತಿಯಿಂದ ತುಂಬಬೇಕಾದರೆ ಕಹಳೆಯಲ್ಲದೆ ಬೇರೆ ದಾರಿಯಿರಲಿಲ್ಲ. ಗದ್ದೆಯ ಆಚೆ ದಡದಲ್ಲಿರುವವನನ್ನು ಕೂಗುವಾಗ ನಾವು ಬಾಯಿಗೆ ಎರಡೂ ಕೈಗಳನ್ನು ಅಡ್ಡ ಹಿಡಿಯುವುದಿಲ್ಲವೆ, ಅದೇ ತತ್ತ್ವ. ಕಿರಿದಾದ ಕೊರಳಿನಲ್ಲಿ ಗಾಳಿಯ ಒತ್ತಡ ಹೆಚ್ಚು, ಚಲನೆ ಕಡಿಮೆ. ಅಗಲವಾದ ಬಾಯಿಯಲ್ಲಿ ಒತ್ತಡ ಕಡಿಮೆ, ಚಲಿಸುವ ಗಾಳಿ ಹೆಚ್ಚು. ಸನ್ನೆಗೋಲು ಕಲ್ಲಿಗೆ ಮಾಡುವುದನ್ನು ಕಹಳೆ ಗಾಳಿಗೆ ಮಾಡುತ್ತದೆ.

ಹತ್ತನೆಯ ತರಗತಿಯಲ್ಲಿ ನನ್ನಿಂದ ಗಣಿತ ಕಲಿತವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಒಳ್ಳೆಯ ಕಹಳೆ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಇಷ್ಟು ದೂರಕ್ಕೆ ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಯಾದರೆ, ಮತ್ತೆ ಅಷ್ಟೇ ದೂರಕ್ಕೆ ಮತ್ತೆ ಇಮ್ಮಡಿ. ಬಡ್ಡಿಯ ದರ ಎಷ್ಟೆಂಬುದು ಎಷ್ಟು ಕೆಳಗಿನ ಸ್ವರ ಬೇಕು ಎಂಬುದನ್ನು ಅವಲಂಬಿಸುತ್ತದೆ. 50 ಹರ್ಟ್ಸ್‌ವರೆಗೆ ಇಳಿಯಬೇಕಾದರೆ ಸುಮಾರು 38 ಸೆಂಟಿಮೀಟರಿಗೊಮ್ಮೆ ಇಮ್ಮಡಿಯಾಗಬೇಕು. 100 ಹರ್ಟ್ಸ್ ಸಾಕೆನ್ನುವುದಾದರೆ 19 ಸೆಂಟಿಮೀಟರಿಗೆ. ಬಾಯಿಯ ಸುತ್ತಳತೆಯಾದರೂ ಆ ಸ್ವರದ ಒಂದು ತರಂಗಾಂತರದಷ್ಟಿರಬೇಕು. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ, 50 ಹರ್ಟ್ಸ್ ಸ್ವರದ ತರಂಗಾಂತರ 6.9 ಮೀಟರ್, ಬಾಯಿಯ ವ್ಯಾಸ 2.2 ಮೀಟರ್. ಅಂದರೆ ಆಳೆತ್ತರಕ್ಕಿಂತ ದೊಡ್ಡದು! ಈ ಲೆಕ್ಕದೊಡನೆ ಚೌಕಾಶಿ ನಡೆಯುವುದಿಲ್ಲ.

ನಮ್ಮ ಕಡೆಯ ಜಾತ್ರೆ, ಮದುವೆಗಳಲ್ಲಿ ಮರಕ್ಕೆ ಕಟ್ಟುತ್ತಿದ್ದ ತಗಡಿನ ಕಹಳೆಯನ್ನು ನೆನೆದು ಕಿವಿ ಮುಚ್ಚಿಕೊಳ್ಳುವವರು ನಿಮ್ಮಲ್ಲಿ ಇರಬಹುದು. ಅದು ಕರ್ಕಶವಾಗಿದ್ದುದು ಕಹಳೆಯೆಂಬ ಕಾರಣಕ್ಕಲ್ಲ. ಒಂದೂವರೆ ಅಡಿ ವ್ಯಾಸದ ಬಾಯಿಗೆ ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: ಸುಮಾರು 240 ಹರ್ಟ್ಸ್‌ಗಿಂತ ಕೆಳಗೆ ಅದು ಮೂಗ. ಗಾಯಕನ ಆಧಾರ ಷಡ್ಜ 130 ಹರ್ಟ್ಸ್ ಇದ್ದರೆ, ಆ ಷಡ್ಜದ ಮೂಲಸ್ವರವೇ ಹೊರಗೆ ಬರಲಾರದು. ಮಾತನ್ನು ದೂರಕ್ಕೆ ಮುಟ್ಟಿಸಲೆಂದು ಮಾಡಿದ ಉಪಕರಣಕ್ಕೆ ನಾವು ನಾಗಸ್ವರ, ಡೋಲುಗಳನ್ನು ಒಪ್ಪಿಸಿ, ಬಳಿಕ ಅದನ್ನೇ ಬೈದೆವು.

ಇನ್ನು ಕ್ಲಿಪ್ಶ್‌ಹಾರ್ನ್. ಪಾಲ್ ಕ್ಲಿಪ್ಶ್ ಎಂಬ ಎಂಜಿನಿಯರು 1946ರಲ್ಲಿ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಪುಟ್ಟ ಊರಿನಲ್ಲಿ ಕಂಪನಿ ತೆರೆದು ಇದನ್ನು ಮಾರತೊಡಗಿದನು. ಆಳೆತ್ತರವನ್ನು ಮೀರಿದ ಬಾಯಿಯನ್ನು ಮನೆಯೊಳಗೆ ತರಲು ಆತ ಹೂಡಿದ ಉಪಾಯ ಮನೆಯ ಮೂಲೆ. ಎರಡು ಗೋಡೆ, ಒಂದು ನೆಲ ಕೂಡುವ ಕಡೆ ಶಬ್ದಕ್ಕೆ ಹರಡಲು ಸಿಗುವುದು ಬಯಲಿನ ಎಂಟನೆಯ ಒಂದು ಭಾಗ. ಹಾಗಾಗಿ ಬಾಯಿಯ ವಿಸ್ತೀರ್ಣವೂ ಎಂಟನೆಯ ಒಂದು ಭಾಗವಿದ್ದರೆ ಸಾಕು. ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಚಿ, ಕೊನೆಯ ಹರವನ್ನು ಗೋಡೆಗಳಿಗೇ ಬಿಟ್ಟುಕೊಟ್ಟನು. ಮನೆಯ ಗೋಡೆಯೇ ವಾದ್ಯದ ಅಂಗವಾಯಿತು. ಇದರಿಂದ ನಾಲ್ಕು ಅಡಿಗೆ ತುಸು ಹೆಚ್ಚು ಎತ್ತರದ ಪೆಟ್ಟಿಗೆ ಸಾಕಾಯಿತು. ಕಂಪನಿ ಹೇಳುವಂತೆ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 105 ಡೆಸಿಬೆಲ್. ಸಾಮಾನ್ಯ ಸ್ಪೀಕರು 88 ಡೆಸಿಬೆಲ್ ಎಂದರೂ, ಇದು ಒಂದು ವಾಟಿನಲ್ಲಿ ಮಾಡುವುದಕ್ಕೆ ಅದಕ್ಕೆ 50 ವಾಟ್ ಬೇಕು.

ಈಗ ನನ್ನ ಶಿಷ್ಯನ ಮುಕ್ಕಾಲು ಗಾತ್ರದ ಯೋಜನೆಗೆ ಬರೋಣ. ಎಲ್ಲ ಅಳತೆಯೂ ಮುಕ್ಕಾಲಾದರೆ ಕಹಳೆ ಇಳಿಯಬಲ್ಲ ಕೊನೆಯ ಸ್ವರವು ಮೂರಕ್ಕೆ ನಾಲ್ಕರ ಪ್ರಮಾಣದಲ್ಲಿ ಮೇಲೇರುತ್ತದೆ. ಲೆಕ್ಕದ ಅನುಕೂಲಕ್ಕೆ 50 ಎಂದಿಟ್ಟುಕೊಂಡರೆ ಅದು 67 ಆಗುತ್ತದೆ. ಹದಿನೇಳು ಹರ್ಟ್ಸ್ ತಾನೆ ಎನ್ನಬಹುದು. ಆದರೆ ಮೇಲೆ ಹೇಳಿದ ಗಾಯಕನ ಮಂದ್ರ ಷಡ್ಜ, ಅವನ ತಂಬೂರಿಯ ಕೊನೆಯ ತಂತಿ, 65 ಹರ್ಟ್ಸ್. ಅದು ಹೊಸಲಿನ ಹೊರಗೆ ನಿಂತುಬಿಡುತ್ತದೆ. ಇಷ್ಟು ಮರ, ಇಷ್ಟು ಭಾನುವಾರಗಳು, ಇಷ್ಟು ಹಣ ಸುರಿದು ತಂಬೂರಿಯ ಕೊನೆಯ ತಂತಿಯನ್ನು ಕಳೆದುಕೊಳ್ಳುವುದು ಯಾವ ಜಾಣತನ? ಹೊರಗಿನ ಹೊದಿಕೆಯಾದರೋ ಯಾವ ಸ್ವರವನ್ನೂ ಕೊಡುವುದಿಲ್ಲ, ಕಸಿದುಕೊಳ್ಳುವುದೂ ಇಲ್ಲ.

ಸ್ಥಳವಿಲ್ಲದಿದ್ದರೆ ದೊಡ್ಡದನ್ನು ಕುಗ್ಗಿಸುವುದಕ್ಕಿಂತ ಬೇರೆ ಮಾದರಿಯನ್ನೇ ಆರಿಸಿಕೊಳ್ಳುವುದು ಮೇಲು. ಆಲ್ಟೆಕ್ ಕಂಪನಿ 1945ರಲ್ಲಿ ಚಿತ್ರಮಂದಿರಗಳಿಗೆಂದು ತಂದ ‘ವಾಯ್ಸ್ ಆಫ್ ದಿ ಥಿಯೇಟರ್’ ಸಾಲಿನ ಎ7 ಮಾದರಿಯು ಮಧ್ಯ ಸ್ವರಗಳನ್ನು ಗಿಡ್ಡ ಕಹಳೆಗೂ ತೀರ ಕೆಳಗಿನವನ್ನು ರಂಧ್ರವಿರುವ ಪೆಟ್ಟಿಗೆಗೂ ಹಂಚುತ್ತದೆ. ಅದರ ಪೆಟ್ಟಿಗೆಯ ನಕ್ಷೆಯನ್ನು ಕಂಪನಿಯೇ ಪ್ರಕಟಿಸಿತ್ತು. 1980ರ ದಶಕದಲ್ಲಿ ಬ್ರೂಸ್ ಎಡ್ಗರ್ ಎಂಬ ವಿಜ್ಞಾನಿ ಅಮೆರಿಕದ ‘ಸ್ಪೀಕರ್ ಬಿಲ್ಡರ್’ ಪತ್ರಿಕೆಯಲ್ಲಿ ಮನೆಯಲ್ಲೇ ಮಾಡಬಹುದಾದ ಮಧ್ಯ ಸ್ವರಗಳ ಕಹಳೆಯನ್ನು ವಿವರಿಸಿದ. ಅಷ್ಟನ್ನು ಮಾತ್ರ ಕಟ್ಟಿಕೊಂಡು, ಕೆಳಸ್ವರಗಳನ್ನು ಸಾಮಾನ್ಯ ಪೆಟ್ಟಿಗೆಗೆ ಬಿಟ್ಟರೂ ಮಾನುಷ ಕಂಠ ಹತ್ತಿರವೇ ಕುಳಿತು ಹಾಡಿದಂತೆ ಕೇಳುತ್ತದೆ.

ನಕಲು ಹೇಗಿರಬೇಕೆಂಬುದಕ್ಕೆ ನನಗೆ ಅತ್ಯಂತ ಮೆಚ್ಚಿಕೆಯಾದ ಉದಾಹರಣೆ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನದು. ಅಲ್ಲಿನ ಡೆನ್‌ಮನ್ ಎಂಬ ಅಧಿಕಾರಿ 1929ರಲ್ಲಿ 27 ಅಡಿ ಉದ್ದದ ಕಹಳೆಯೊಂದನ್ನು ರೂಪಿಸಿದ. ಕೊರಳು ಒಂದು ಅಂಗುಲದಷ್ಟು. ಬಾಯಿ 7 ಅಡಿ 1 ಅಂಗುಲದ ಚೌಕ. 1930ರ ದಶಕದಲ್ಲಿ ಜನ ಅದರ ಮುಂದೆ ಕುಳಿತು ರೇಡಿಯೊ ಕೇಳುತ್ತಿದ್ದರು. 1949ರಲ್ಲಿ ಕಟ್ಟಡ ಕೆಡಹುವಾಗಿನ ಅಪಘಾತವೊಂದರಲ್ಲಿ ಅದು ಬಹುಪಾಲು ನಾಶವಾಯಿತು. ಉಳಿದದ್ದು 9 ಅಡಿಯ ಒಂದು ತುಂಡು. ಅಲೆಕ್ಸ್ ಕೊಲ್ಕೋವ್ಸ್ಕಿ ಎಂಬ ಸಂಗೀತಗಾರನ ಪ್ರಯತ್ನದಿಂದ 2014ರಲ್ಲಿ ಅದು ಮತ್ತೆ ಪೂರ್ಣ ಗಾತ್ರದಲ್ಲಿ ಎದ್ದು ನಿಂತು ನುಡಿಯಿತು. ಕಳೆದುಹೋದ ಭಾಗವನ್ನು ಅವರು ಕಟ್ಟಿದ್ದು ಫೈಬರ್‌ಗ್ಲಾಸಿನಲ್ಲಿ! ಡೆನ್‌ಮನ್ನನ ಕಾಲದ ವಸ್ತುವೇ ಬೇಕೆಂದು ಹಟ ಹಿಡಿಯಲಿಲ್ಲ. 27 ಅಡಿಯನ್ನು 20ಕ್ಕೆ ಇಳಿಸಲೂ ಇಲ್ಲ. ಒಳಗಿನ ಟೊಳ್ಳು ಡೆನ್‌ಮನ್ನನದೇ. ಗಾಳಿಗೆ ತನ್ನ ಸುತ್ತ ಇರುವುದು ಲೋಹವೋ ನಾರೋ ತಿಳಿಯದು, ಅದು ಅಲುಗದಿದ್ದರೆ ಸಾಕು.

ಇನ್ನು ನಾಮಫಲಕದ ಮಾತು. ಇಲ್ಲಿ ನಾನು ತುಸು ಕಠಿಣವಾಗಿಯೇ ಹೇಳುತ್ತೇನೆ. ಕ್ಲಿಪ್ಶನ ಮೊದಲ ಮೂಲೆಕಹಳೆಗೆ ಪೇಟೆಂಟ್ ದೊರೆತದ್ದು 1943ರಲ್ಲಿ. ಪೇಟೆಂಟ್ ಎಂದರೆ ಒಂದು ಒಪ್ಪಂದ: ‘ನಿನ್ನ ಗುಟ್ಟನ್ನು ಚಿತ್ರಸಹಿತ ಎಲ್ಲರಿಗೂ ತಿಳಿಸು, ಇಂತಿಷ್ಟು ವರ್ಷ ಅದು ನಿನ್ನೊಬ್ಬನದು, ಆಮೇಲೆ ಲೋಕದ್ದು’. ಅಂದಿನ ಅಮೆರಿಕದ ಕಾನೂನಿನಂತೆ ಆ ಅವಧಿ 17 ವರ್ಷ. ಅದು 1960ಕ್ಕೆ ಮುಗಿಯಿತು. ಆ ಪೇಟೆಂಟಿನ ಆಕಾರವನ್ನು ನೋಡಿ ಕಟ್ಟುವವನು ಕಳ್ಳನಲ್ಲ. ಹಾಗೆ ಕಟ್ಟಲೆಂದೇ ಆ ನಕ್ಷೆ ಲೋಕದ ಕೈ ಸೇರಿದೆ. ಆದರೆ ಹೆಸರು ಇಂದಿಗೂ ಕಂಪನಿಯದು. ಆ ಫಲಕವನ್ನು ಹಚ್ಚಿದ ಪೆಟ್ಟಿಗೆ ಇವನ ಮನೆಯಲ್ಲಿರುವವರೆಗೆ ಚಿಂತೆಯಿಲ್ಲ. ಇವನ ಕಾಲಾನಂತರ ಯಾರೋ ಅದನ್ನು ಮೂಲವೆಂದು ನಂಬಿ ಹಣ ಕೊಡುತ್ತಾರೆ; ಅದರಲ್ಲಿ ಮಂದ್ರ ಷಡ್ಜ ಕೇಳಿಸದಿದ್ದಾಗ, ಹಳಬರ ಕೆಲಸ ಇಷ್ಟೇ ಎಂದು ತೀರ್ಮಾನಿಸುತ್ತಾರೆ.

ಆದ್ದರಿಂದ ಅವನಿಗೆ ಹೀಗೆ ಬರೆದಿದ್ದೇನೆ. ಎರಡು ಗಟ್ಟಿ ಮೂಲೆಗಳು ಸಿಗುವ ಕೋಣೆಯಿದ್ದರೆ ಪೂರ್ಣ ಅಳತೆಯಲ್ಲೇ ಕಟ್ಟು. ಇಲ್ಲದಿದ್ದರೆ ಎಡ್ಗರನ ದಾರಿ ಹಿಡಿ. ಮೊದಲು ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡು. ಡ್ರೈವರಿನ ಹಿಂಭಾಗದ ಕೋಣೆಯ ಸಂದುಗಳಲ್ಲಿ ಗಾಳಿ ಸೋರದಂತೆ ಅಂಟು ಬಳಿ. ಹೊರಗೆ ಯಾವ ಬಣ್ಣವನ್ನಾದರೂ ಹಚ್ಚು. ಹಿಂಬದಿಯ ಹಲಗೆಯ ಮೇಲೆ ನಿನ್ನ ಹೆಸರು, ಊರು, ಕಟ್ಟಿದ ವರ್ಷ ಮತ್ತು ಯಾರ ನಕ್ಷೆಯೆಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಳಿಸಲಾಗದ ಶಾಯಿಯಿಂದ ಬರೆ. ಬರವಣಿಗೆ ದುಂಡಗಿರಲಿ, ನಿನ್ನ ಅಕ್ಷರ ಹೇಗಿತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ.