ಮೂಕವಾದ ಹಾಡಿನ ತಟ್ಟೆ

ಈ ಸಲ ಅಂತರಘಟ್ಟೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ತಾಯಿ ಹೇಳುತ್ತಿದ್ದ ಸೋಬಾನೆ ಪದಗಳನ್ನೂ, ಜಾತ್ರೆಗೆ ಪಾನಕದ ಗಾಡಿ ಹೊರಡುವಾಗಿನ ಅಮ್ಮನವರ ಪದಗಳನ್ನೂ ಹಿಂದೆ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರಂತೆ. 2006ರಲ್ಲಿ ಅದನ್ನು ಸ್ಟುಡಿಯೋದಲ್ಲಿ ಕೊಟ್ಟು ಸಿಡಿ ಮಾಡಿಸಿದರು. ತಾಯಿ ಈಗಿಲ್ಲ. ಮಗಳ ಮದುವೆಯಲ್ಲಿ ಅಜ್ಜಿಯ ದನಿ ಕೇಳಿಸೋಣ ಅಂತ ಸಿಡಿ ಹಾಕಿದರೆ, ಕಂಪ್ಯೂಟರು ಒಳಗೆ ಏನೂ ಇಲ್ಲ ಅನ್ನುತ್ತದಂತೆ. “ಎಸೆದುಬಿಡೋದೇ ಏನಕ್ಕಾ?” ಅಂತ ಕೇಳಿದ್ದಾರೆ.

ಬೇಡ ತಂಗಿ, ಎಸೆಯಬೇಡಿ. ಕಂಪ್ಯೂಟರು ಗುರುತು ಹಿಡಿಯಲಿಲ್ಲ ಅಂದಮಾತ್ರಕ್ಕೆ ಹಾಡು ಹೋಯಿತು ಅಂತ ಅಲ್ಲ.

ಸಿಡಿಯಲ್ಲಿ ಹಾಡು ಇರುವುದು ನಾವು ಒತ್ತುವ ಚಕ್ಕುಲಿಯ ಹಾಗೆ. ನಡುವಿನಿಂದ ಶುರುವಾಗಿ ಒಂದೇ ಎಳೆ ಅಂಚಿನವರೆಗೂ ಸುತ್ತಿಕೊಂಡು ಹೋಗುತ್ತದೆ. ತೂತಿನ ಹತ್ತಿರದ ಮೊದಲ ಸುತ್ತುಗಳಲ್ಲಿ ಹಾಡಿಲ್ಲ. ಎಷ್ಟು ಹಾಡಿದೆ, ಯಾವುದು ಎಲ್ಲಿ ಶುರು ಎಂಬ ಪಟ್ಟಿ ಇರುತ್ತದೆ. ಕಂಪ್ಯೂಟರು ಮೊದಲು ಓದುವುದು ಅದನ್ನೇ. ಅಲ್ಲಿ ಬೆರಳಿನ ಜಿಡ್ಡೋ ಗೀರೋ ಇದ್ದರೆ, ಮುಂದಿನ ಪದಗಳೆಲ್ಲ ನೆಟ್ಟಗಿದ್ದರೂ ಸಿಡಿಯೇ ಇಲ್ಲ ಅಂದುಬಿಡುತ್ತದೆ.

ಮೊದಲು, ಚೆನ್ನಾಗಿರುವ ಬೇರೊಂದು ಸಿಡಿ ಹಾಕಿ ನೋಡಿ. ಅದೂ ಓದದಿದ್ದರೆ ತಪ್ಪು ಕಂಪ್ಯೂಟರಿನದು. ಒಳಗಿನ ಲೆನ್ಸಿಗೆ ಧೂಳು ಕೂತಿರಬಹುದು. ಓದಿದರೆ ನಿಮ್ಮ ಸಿಡಿಯನ್ನು ತೊಳೆಯಿರಿ. ತಣ್ಣೀರು, ಒಂದು ತೊಟ್ಟು ಸೋಪಿನ ನೀರು, ಹಳೇ ಪಂಚೆಯ ಮೆತ್ತನೆ ತುಂಡು, ಇಷ್ಟೇ ಸಾಕು. ಹೊಳೆಯುವ ಬದಿಯನ್ನು ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದ ಹಾಗೆ ದುಂಡಗೆ ಒರೆಸಬಾರದು. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಅಷ್ಟನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಎಳೆಯ ಉದ್ದಕ್ಕೇ ಬಿದ್ದ ಗೀರನ್ನು ತುಂಬಿಕೊಳ್ಳಲಾರದು. ಸೆರಗಿನ ತುದಿಯಿಂದ ಒರೆಸುವ ಅಭ್ಯಾಸ ನಮಗೆಲ್ಲ ಇದ್ದದ್ದೇ. ಜರಿ ತಾಗಿದರೆ ಕೆಲಸ ಕೆಟ್ಟಿತು. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಹತ್ತಿರಕ್ಕೂ ತರಬೇಡಿ. ಟೂತ್‌ಪೇಸ್ಟ್ ಉಜ್ಜಿ ಅನ್ನುವವರಿದ್ದಾರೆ. ಅಮ್ಮನ ದನಿಯ ಮೇಲೆ ಆ ಪ್ರಯೋಗ ನಾನಂತೂ ಮಾಡೆನು.

ನೆರಳಲ್ಲಿ ಒಣಗಿಸಿ, ದೀಪಕ್ಕೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ ಬಂದರೆ ಅಲ್ಲಿ ಪದರ ಉದುರಿದೆ ಅಂತ ಅರ್ಥ; ಅಷ್ಟು ಭಾಗ ಹೋದ ಹಾಗೇ. ಹೊಳೆಯುವ ಬದಿಗಿಂತ ಹೆಸರು ಬರೆಯುವ ಬದಿಯೇ ನಾಜೂಕು. ಬೆಳಕು ಹಿಂತಿರುಗಿಸುವ ಪದರ ಅದರ ಕೆಳಗೇ, ತೆಳ್ಳನೆ ಲೇಪದಡಿ ಇರುತ್ತದೆ. ಬಾಲ್‌ಪೆನ್ನಿನಲ್ಲಿ ಬರೆಯುವುದು, ಚೀಟಿ ಅಂಟಿಸಿ ಕೀಳುವುದು ಎರಡೂ ಕೂಡದು.

ಅಂಗಡಿಯಲ್ಲಿ ಕೊಂಡ ಸಿಡಿಗೂ ನಿಮ್ಮದಕ್ಕೂ ವ್ಯತ್ಯಾಸ ಇದೆ. ಕೊಂಡದ್ದರಲ್ಲಿ ಹಾಡು ಅಚ್ಚೊತ್ತಿದ ಕುಳಿಗಳಾಗಿರುತ್ತದೆ. ಸ್ಟುಡಿಯೋದಲ್ಲಿ ಬರೆದದ್ದು ಬಣ್ಣದ ಪದರವನ್ನು ಸುಟ್ಟು ಮಾಡಿದ ಗುರುತು. ಬಿಸಿಲಿಗೂ ಸೆಕೆಗೂ ಆ ಬಣ್ಣ ಮಾಸುತ್ತದೆ. 1978ರಲ್ಲಿ ಕ್ಯಾಸೆಟ್ಟಾಗಿ ಬಂದ ‘ನಿತ್ಯೋತ್ಸವ’ದ ಹಾಡಾದರೆ ಇನ್ನೊಂದು ಕಡೆ ಸಿಕ್ಕೀತು. ನಿಮ್ಮ ತಾಯಿಯ ಪದ ಎಲ್ಲಿ ಸಿಗಬೇಕು?

ತೊಳೆದರೂ ಓದದಿದ್ದರೆ ಯಂತ್ರ ಬದಲಾಯಿಸಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಟಿವಿಗೆ ಹಾಕುತ್ತಿದ್ದ ಹಳೇ ಡಿವಿಡಿ ಪ್ಲೇಯರ್, ಕಾರಿನ ಪ್ಲೇಯರ್, ಎಲ್ಲದರಲ್ಲೂ ಹಾಕಿ ನೋಡಿ. ಅಜ್ಜಂಪುರ, ತರೀಕೆರೆ, ಕಡೂರಿಗೆ ಹೋದಾಗ ಮದುವೆ ಸಿಡಿ ಮಾಡಿಕೊಡುತ್ತಿದ್ದ ಸ್ಟುಡಿಯೋದವರನ್ನೂ ಕೇಳಿ. ಬರೆದ ಮೇಲೆ ಫೈನಲೈಸ್ ಅಂತ ಮುಗಿಸುವ ಕ್ರಮವೊಂದಿದೆ. ಅದನ್ನು ಬಿಟ್ಟಿದ್ದರೆ ಬರೆಯುವ ಡ್ರೈವ್ ಮಾತ್ರವೇ ಓದೀತು.

ಎಲ್ಲಾದರೂ ಒಮ್ಮೆ ಓದಿತೋ, ಆಗಲೇ ಪ್ರತಿ ತೆಗೆಸಿ. ಇಲ್ಲೇ ಬಹಳ ಜನ ಮೋಸ ಹೋಗುವುದು. ಕಂಪ್ಯೂಟರಿನಲ್ಲಿ ಹಾಡುಗಳು ‘ಸಿಡಿಎ’ ಅನ್ನುವ ಹೆಸರಿನಲ್ಲಿ ಕಾಣುತ್ತವೆ. ಅವನ್ನೇ ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಬರುವುದು ಬರೀ ವಿಳಾಸ, ಒಂದೊಂದೂ 44 ಬೈಟು, ಹಾಡು ಬಂದಿರುವುದಿಲ್ಲ. ‘ರಿಪ್’ ಮಾಡಿ ಕೊಡಿ ಅಂತ ಕೇಳಿ. ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಉಚಿತ ತಂತ್ರಾಂಶ, ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ನಿಧಾನವಾಗುತ್ತದೆ, ಅವಸರ ಮಾಡಿಸಬೇಡಿ. ಪೂರ್ತಿ ಕೇಳಿ ನೋಡಿಯೇ ಮನೆಗೆ ಬನ್ನಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ತವರಿನಲ್ಲಿರಲಿ.

ಅಂದಹಾಗೆ, ಆ ಮೂಲ ಕ್ಯಾಸೆಟ್ಟು ಏನಾಯಿತು ಅಂತ ನೀವು ಬರೆದೇ ಇಲ್ಲ! ಅಟ್ಟದ ಮೇಲಿನ ಟ್ರಂಕು, ತಮ್ಮನ ಮನೆಯ ಬೀರು ಎಲ್ಲ ತಡಕಿ. ಸಿಕ್ಕರೆ ತಕ್ಷಣ ಹಾಕಿಬಿಡಬೇಡಿ. ಟೇಪಿನ ಮೇಲೆ ಬಿಳೀ ಬೂಷ್ಟು ಇದೆಯೋ, ಒಳಗಿನ ಪುಟ್ಟ ಸ್ಪಂಜು ಬಿದ್ದುಹೋಗಿದೆಯೋ ನೋಡಿ. ಬೂಷ್ಟು ಕಂಡರೆ ತಿಳಿದವರ ಕೈಗೆ ಕೊಡಿ. ಇಲ್ಲದಿದ್ದರೆ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಪೂರ್ತಿ ಸುತ್ತಿ, ಆಮೇಲೆ ಹಾಡಿಸಿ.